ಪೂವಪ್ಪನವರ ಎಡಗೆನ್ನೆಯ ಗುಳಿ

ಗಲ್ಫಿನ ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನಲ್ಲಿ ಪೂವಪ್ಪ ಇಪ್ಪತ್ತೆರಡು ವರ್ಷಗಳಿಂದ ಕಾರುಗಳ ತಗ್ಗು ತಟ್ಟಿ ಸರಿಮಾಡುವ ಡೆಂಟರ್. ಜಜ್ಜಿದ ಬಾಗಿಲಿಗೆ ಟಾರ್ಚ್ ಹಿಡಿದು, ಒಂದು ಕಣ್ಣು ಮುಚ್ಚಿ ವಾರೆಯಾಗಿ ನೋಡಿ, "ಇಲ್ಲಿ ಒಂದು ನೂಲಿನಷ್ಟು ಒಳಗೆ ಹೋಗಿದೆ" ಎನ್ನುವರು. ಯಾರದಾದರೂ ಮದುವೆಗೆ ಹೋದರೆ ಪಾರ್ಕಿಂಗ್‌ನಲ್ಲೇ ಅರ್ಧ ಗಂಟೆ ಕಳೆಯುವ ಮನುಷ್ಯ.

ಅವರ ಎಡಗಿವಿಯ ಮುಂದೆ ನೆಲ್ಲಿಕಾಯಿಯಷ್ಟು ಗಂಟು ಬಂತು. ಜೊಲ್ಲಿನ ಗ್ರಂಥಿಯದ್ದು, ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಬೆಳೆಯುತ್ತದೆ ಎಂದು ಡಾಕ್ಟರು ಗ್ರಂಥಿ ಸಮೇತ ತೆಗೆದರು. ಮುಖದ ನರಕ್ಕೆ ಪೆಟ್ಟಾಗಲಿಲ್ಲ, ನಗು ಸೊಟ್ಟಗಾಗಲಿಲ್ಲ. ಬಾವು ಇಳಿದ ಮೇಲೆ ಮಾತ್ರ ದವಡೆಯ ಹಿಂದೆ ಒಂದು ಗುಳಿ ಉಳಿಯಿತು.

"ಯಾರಿಗೂ ಕಾಣುದಿಲ್ಲ" ಎಂದರು ಹೆಂಡತಿ ಲೋಲಾಕ್ಷಿ.

"ನನಗೆ ಕಾಣ್ತದಲ್ಲ!"

ಗ್ಯಾರೇಜಿನ ತುಂಬ ಕಾರುಗಳು, ಕಾರುಗಳ ತುಂಬ ಕನ್ನಡಿ. ಮಗಳು ಸಮೀಕ್ಷಾಳ ಪದವಿ ಸಮಾರಂಭದ ಫೋಟೋಗಳಲ್ಲೆಲ್ಲ ಪೂವಪ್ಪ ಬಲಗೆನ್ನೆ ತೋರಿಸುತ್ತಾ ಹೊರಗೆ ಯಾರನ್ನೋ ಹುಡುಕುವವರಂತೆ ನಿಂತಿದ್ದಾರೆ.

ವರ್ಷ ಕಳೆದ ಮೇಲೆ ಗಂಡ ಹೆಂಡತಿ ಊದ್ ಮೇಥಾದಲ್ಲಿ ಪ್ಲಾಸ್ಟಿಕ್ ಸರ್ಜನ್ ಆನ್ ಮರಿಯಾ ಅವರನ್ನು ಕಂಡರು. ಡಾಕ್ಟರು ಮಂಗಳೂರಿನವರು.

"ಕುತ್ತಿಗೆಯ ಸ್ನಾಯುವಿನ ಒಂದು ತುಂಡು ತಿರುಗಿಸಿ ಮುಚ್ಚಬಹುದಿತ್ತು. ಆದ್ರೆ ಅದು ಮೊದಲ ಆಪರೇಷನ್ ದಿನವೇ ಒಳ್ಳೇದು, ಈಗ ಪುನಃ ಕೊಯ್ದರೆ ನರಕ್ಕೆ ಅಪಾಯ" ಎಂದರು ಡಾಕ್ಟರು. "ಹೊಟ್ಟೆಯ ಕೊಬ್ಬನ್ನು ಸಣ್ಣ ಕೊಳವೆಯಲ್ಲಿ ಎಳೆದು ಇಲ್ಲಿಗೆ ತುಂಬುವ."

"ಡಾಕ್ಟ್ರೆ, ಎಲ್ಲಾ ಎಳೀರಿ" ಎಂದರು ಲೋಲಾಕ್ಷಿ. "ಉಳಿದದ್ದು ನಮಗೆ ವಾಪಸ್ ಬೇಡ."

"ಹಾಕಿದ್ದರಲ್ಲಿ ಅರ್ಧದಷ್ಟು ಕರಗಬಹುದು. ಅದಕ್ಕೆ ಸ್ವಲ್ಪ ಹೆಚ್ಚೇ ತುಂಬ್ತೇನೆ."

ಪೂವಪ್ಪನವರ ಮುಖ ಅರಳಿತು. "ನಾವು ಕಾರಿನ ತಗ್ಗಿಗೆ ಮೆತ್ತುವ ಪುಟ್ಟಿ ಸಹ ಹಾಗೇ ಮೇಡಂ! ಒಣಗಿದ ಮೇಲೆ ಕೂತ್ಕೊಳ್ತದೆ."

ಕೊಬ್ಬು ತುಂಬಿಸಿಕೊಂಡು ಕೆಲಸಕ್ಕೆ ಮರಳಿದ ದಿನ ಪೇಂಟರ್ ಅದ್ದು ಊದಿದ ಕೆನ್ನೆ ನೋಡಿದವನೇ, "ಪೂವಪ್ಪಣ್ಣ, ಬಾಯಲ್ಲಿದ್ದದ್ದು ನುಂಗಿ ಮಾತಾಡಿ" ಎಂದ. ಕೆನ್ನೆ ಒತ್ತಬಾರದೆಂದು ಡಾಕ್ಟರ ಕಟ್ಟಪ್ಪಣೆ. ಆದರೆ ಸವರಿ ನೋಡುವುದು ಪೂವಪ್ಪನವರ ಕೈಗೆ ಹತ್ತಿದ ರೋಗ. ಆ ಕೈಗೆ ಕೆಲಸವಿರಲೆಂದು ಲೋಲಾಕ್ಷಿ ಸಂಜೆಯಾದರೆ ಸುಲಿಯಲು ಬಟಾಣಿ ಮುಂದಿಡತೊಡಗಿದರು. ಆ ತಿಂಗಳೆಲ್ಲ ಮನೆಯಲ್ಲಿ ಬಟಾಣಿ ಪಲ್ಯ.

ನಾಲ್ಕು ತಿಂಗಳಿಗೆ ಬಾವೂ ಇಳಿಯಿತು, ಕೊಬ್ಬೂ ಕರಗಿತು; ಗುಳಿ ಕಾಲುಭಾಗ ಉಳಿಯಿತು. ಇನ್ನೊಮ್ಮೆ ತುಂಬಿಸೋಣವೆಂದು ಪೂವಪ್ಪ ಕ್ಲಿನಿಕ್ಕಿಗೆ ಹೋದರು. ಪಕ್ಕದ ಕುರ್ಚಿಯಲ್ಲಿ ಮಿರ್ದಿಫ್‌ನ ಶಾಲೆಯೊಂದರ ನಫೀಸ ಟೀಚರ್, ಸೆರಗಿನಿಂದ ಕಿವಿ ಮುಚ್ಚಿ ಕೂತಿದ್ದರು. ಮುಂದಿನ ವಾರ ಅವರಿಗೂ ಅದೇ ಗ್ರಂಥಿಯ ಆಪರೇಷನ್ ಎಂದು ಮಾತಿಗೆ ಮಾತು ಬಂದು ತಿಳಿಯಿತು.

"ನನಗೂ ಆಗಿದೆ" ಎಂದರು ಪೂವಪ್ಪ.

ಆಕೆ ಅವರ ಮುಖವನ್ನು ಅತ್ತಿಂದಿತ್ತ ನೋಡಿ, "ಯಾವ ಬದಿ?" ಎಂದು ಕೇಳಿದರು.

ಪೂವಪ್ಪ ಫೋನಿನ ಟಾರ್ಚ್ ಹಚ್ಚಿ, ವರ್ಷದ ಮೇಲಾಗಿ ಡಾಕ್ಟರಿಗಲ್ಲದೆ ಯಾರಿಗೂ ತಾವಾಗಿ ತೋರಿಸದ ಎಡಗೆನ್ನೆಯನ್ನು ಆಕೆಯ ಮುಂದಿಟ್ಟರು. "ವಾರೆಯಿಂದ ನೋಡಿ ಟೀಚರ್, ಆಗ ಗೊತ್ತಾಗ್ತದೆ. ಮತ್ತೆ ಗುಳಿ ಬೀಳದ ಹಾಗೆ ಕುತ್ತಿಗೆಯ ಸ್ನಾಯು ತಿರುಗಿಸಿ ಮುಚ್ಚುವ ವಿಷಯ ಆಪರೇಷನ್ನಿಗೆ ಮೊದಲೇ ಕೇಳಿ, ನನ್ನ ಹಾಗೆ ತಡ ಮಾಡ್ಬೇಡಿ."

ಒಳಗಿನಿಂದ ಹೆಸರು ಕರೆದಾಗ ಪೂವಪ್ಪ, "ಅವರನ್ನು ಮೊದಲು ನೋಡಿ ಮೇಡಂ, ನನ್ನದು ಖಲಾಸ್, ಇನ್ನು ತುಂಬಿಸುದು ಬೇಡ" ಎಂದು ಕಾರಿನ ಕೀ ತೆಗೆದುಕೊಂಡು ಎದ್ದರು.