ಮಾಳಿಗೆಯ ಮೇಲಿನ ಗಾಜು

ನನ್ನ ಮೂಗಿನ ಕಥೆ ಹೇಳಿಕೊಳ್ಳಲು ನನಗೇ ನಾಚಿಕೆ. ನಿಜಾಮ ಸರಕಾರದ ಕಲಬುರಗಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು ಸೀನಿದರೆ ಸಾಹೇಬರು ರುಜು ಹಾಕಲು ಎತ್ತಿದ ಲೇಖನಿಯನ್ನು ಕೆಳಗಿಡುತ್ತಿದ್ದರು. ಒಂಟಿ ಸೀನು ಅಪಶಕುನ, ಜೋಡಿಯಾದರೆ ಅಡ್ಡಿಯಿಲ್ಲ. ಎರಡನೆಯದನ್ನು ತರಿಸಿಕೊಳ್ಳಲು ನಾನು ಪಡುತ್ತಿದ್ದ ಪಾಡು ಶತ್ರುವಿಗೂ ಬೇಡ.

ನನ್ನ ಮೂಗನ್ನು ಕಂಡು ನಗಬಹುದಿತ್ತು; ಅಕ್ಕನ ಎದೆಯನ್ನು ಕಂಡು ನಗುವಂತಿರಲಿಲ್ಲ. ಜೋಳ ಹೂ ಬಿಡುವ ಚಳಿಗಾಲ ಬಂತೆಂದರೆ ಅವಳಿಗೆ ದಮ್ಮು. ಗೋಡೆಗೆ ಒರಗಿ, ಬಾಯಿ ತೆರೆದು, ಒಂದೊಂದು ಉಸಿರಿಗೂ ಬಡಿದಾಡುತ್ತಿದ್ದಳು. ದವಾಖಾನೆಯ ಡಾಕ್ಟರ್ ಸಾಹೇಬರು ಹೇಳಿದರು: "ಹವಾದಾಗ ಜ್ವಾಳದ ಹೂವಿನ ಪುಡಿ ಅದರಿ. ಗಾಜಿಗೆ ಎಣ್ಣಿ ಸವರಿ ಮಾಳಗಿ ಮ್ಯಾಲ ಇಟ್ಟು ನೋಡ್ರಿ, ಅಂಟ್ಕೋತದ. ಎಲ್ಲಿ ಗಾಜು ಸಾಫ್ ಇರ್ತದೋ ಅಲ್ಲಿ ಅಕ್ಕನ್ನ ಇಡ್ರಿ." ಹೂವನ್ನು ಕಾಮನ ಬಾಣವೆಂದು ಹೊಗಳಿದ ನಮ್ಮ ಹಳೆಯ ಕವಿಗಳಲ್ಲಿ ಒಬ್ಬರಾದರೂ ಆ ಬಾಣ ಉಸಿರಿಗೇ ನಾಟುತ್ತದೆಂದು ಹೇಳಬಾರದಿತ್ತೇ?

ಹಳೆಯ ಪಟದ ಗಾಜನ್ನು ಎರಡು ತುಂಡು ಮಾಡಿಸಿ, ಹರಳೆಣ್ಣೆ ಸವರಿ, ಒಂದನ್ನು ಕೋಟೆಯ ಹಿಂದಿನ ನಮ್ಮ ಮಾಳಿಗೆಯ ಮೇಲೆ, ಇನ್ನೊಂದನ್ನು ಕಮಲಾಪುರದ ಸೋದರತ್ತೆಯ ಮಾಳಿಗೆಯ ಮೇಲೆ ಇಟ್ಟೆ. ನಮ್ಮದು ಸಂಜೆಯೊಳಗೆ ಅರಿಸಿನ ಚೆಲ್ಲಿದಂತಾಯಿತು. ಕಮಲಾಪುರದ್ದನ್ನು ಶುಕ್ರವಾರದ ರಜೆಗೆ ಹೋಗಿ, ಬೆಳಗಿನ ನಾಷ್ಟಾ ಮುಗಿಸಿ ನೋಡಿದರೆ ಹಳದಿಯ ಸುಳಿವೇ ಇಲ್ಲ. ಮುಂದಿನ ರಜೆಗೂ ಹಾಗೇ. ಅಲ್ಲಿನ ಕೆಂಪುಬಾಳೆಯ ತೋಟಗಳೇ ಪುಡಿಯನ್ನು ತಡೆಯುತ್ತವೆಂದು ನಾನೇ ಒಂದು ಶಾಸ್ತ್ರ ಕಟ್ಟಿ, ಕಚೇರಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿ, ಅಕ್ಕನನ್ನು ಗಾಡಿ ಹತ್ತಿಸಿದೆ.

"ಅಲ್ಲಿ ಉಸುರು ಹಗುರ ಆಗ್ತದೇನೋ ತಮ್ಮಾ?" ಎಂದು ಕೇಳಿದಳು.

"ಗಾಜು ಸುಳ್ಳು ಹೇಳಂಗಿಲ್ಲಕ್ಕಾ," ಎಂದೆ.

ಎಳ್ಳಮಾವಾಸ್ಯೆಗೆ ಮುಂಚೆಯೇ ಅವಳು ಕಮಲಾಪುರದಲ್ಲಿ ತೀರಿಕೊಂಡಳು.

ಮಣ್ಣು ಕೊಟ್ಟು ಬಂದ ಮರುದಿನ ನಸುಕಿನಲ್ಲೇ ಅತ್ತೆಯ ಮಾಳಿಗೆ ಹತ್ತಿದೆ. ಅತ್ತೆ ಆಗಲೇ ಅಲ್ಲಿದ್ದಳು. ಗಾಜಿನ ಮೇಲೆ ದಪ್ಪ ಹಳದಿ ಕೂತಿತ್ತು. ಅದನ್ನು ಅರಿವೆಯಿಂದ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಎಣ್ಣೆಯ ಬಟ್ಟಲು. ಕಂದೀಲಿನ ಗಾಜನ್ನು ದಿನಾ ಬೂದಿ ಹಚ್ಚಿ ಬೆಳಗುವ ಮನೆ ಅದು. ನಾನು ಎಣ್ಣೆ ಸವರಿದ್ದನ್ನು ಕಂಡು, ಗಾಳಿಯನ್ನು ಸೋಸುವ ಔಷಧವಿದು ಎಂದುಕೊಂಡಿದ್ದಳು.

"ಭಾಳ ಹೊಲಸು ಕೂಡ್ತದಪ್ಪ. ದವಾದ ಗಾಜಂತ ದಿನಾ ಮುಂಜಾನಿ ಒರಸಿ, ಹೊಸ ಎಣ್ಣಿ ಹಚ್ಚಿ ಇಡ್ತಿದ್ದೆ. ಆದ್ರೂ ಆಕಿ ಉಳೀಲಿಲ್ಲ," ಎಂದವಳು ಅರಿವೆಯ ಮಗ್ಗುಲು ಬದಲಿಸಿ ಮತ್ತೆ ತಿಕ್ಕಿದಳು. "ನಾ ಏನರ ಕಮ್ಮಿ ಮಾಡಿದ್ನೇನೋ?"

ಸಿಟ್ಟು ಬರಬೇಕಿತ್ತು, ಬಂದದ್ದು ಅಳು.

"ಇಲ್ಲತ್ತಿ. ನಾ ನೋಡಿದಾಗೆಲ್ಲ ಗಾಜು ಸಾಫ್ ಇತ್ತು," ಎಂದೆ.

ಹೇಳಿ ಮುಗಿಸುವಷ್ಟರಲ್ಲಿ ಹಾಳು ಸೀನೊಂದು ಬಂತು. ಒಂಟಿ ಸೀನು. ಅತ್ತೆಯ ಕೈ ನಿಂತಿತು. ಹೆದರಿದ ಕಣ್ಣುಗಳಿಂದ ನನ್ನ ಮುಖವನ್ನೇ ನೋಡುತ್ತ ಕಾದಳು. ಕಚೇರಿಯಲ್ಲಿ ಸಾಹೇಬರಿಗಾಗಿ ಎಂದೂ ಪಡದಷ್ಟು ಪಾಡು ಪಟ್ಟು, ಇಲ್ಲದ ಎರಡನೆಯ ಸೀನನ್ನೂ ಹೇಗೋ ಸೀನಿಬಿಟ್ಟೆ. ಅತ್ತೆ ಸಮಾಧಾನದ ಉಸಿರು ಬಿಟ್ಟು, ಗಾಜನ್ನು ಮತ್ತೆ ಒರೆಸತೊಡಗಿದಳು.