ಲ್ಯಾಮಿನೇಟ್ ಆದ ಜಪಾನ್

ಶನಿವಾರ, ಬೆಳಗ್ಗೆ ಹತ್ತು ಗಂಟೆ. ಜೆ.ಪಿ. ನಗರದ ನಮ್ಮ ಹಾಲಿನಲ್ಲಿ ಇದ್ದವರು ನಾನು, ನನ್ನ ಹೆಂಡತಿ, ಅವಳ ತಮ್ಮ. ನಾವಿಬ್ಬರೂ ವಾರವಿಡೀ ಮೈಸೂರಿನಲ್ಲಿದ್ದಾಗ ನಮ್ಮ ಗಿಡಗಳಿಗೆ ನೀರು ಹಾಕಿದವನು ಅವನೇ.

“ಕಣ್ಮುಚ್ಚಿ ಭಾವ, ಸರ್‌ಪ್ರೈಸ್!”

ನಾನು ಮುಚ್ಚಲಿಲ್ಲ. ಅವನು ಟೀಪಾಯಿಯ ಮೇಲಿಟ್ಟದ್ದು ನನ್ನ ಜಪಾನ್ ನಕ್ಷೆ. ಡ್ರಾಯರಿನಿಂದ ತೆಗೆದು ಲ್ಯಾಮಿನೇಟ್ ಮಾಡಿಸಿದ್ದ.

ಸುಮಾರು ನಾನೂರು ವರ್ಷದ ಹಿಂದೆ ಹಾಲೆಂಡಿನಲ್ಲಿ ತಾಮ್ರದ ತಗಡಿನಿಂದ ಅಚ್ಚಾದ ಹಾಳೆ ಅದು. ನಿವೃತ್ತಿಯಾದ ವರ್ಷ ಕೊಂಡದ್ದು. ಅದನ್ನು ಕೊರೆದವನು ಜಪಾನನ್ನು ಕಂಡವನಲ್ಲ. ನಾವಿಕರ ಮಾತು, ಪಾದ್ರಿಗಳ ಕಾಗದ ಇವನ್ನೇ ನಂಬಿ ಕೊರೆದಿದ್ದ. ಹಾಗಾಗಿ ದೇಶ ಅಡ್ಡಡ್ಡ ಮಲಗಿದೆ, ಉತ್ತರದ ದೊಡ್ಡ ದ್ವೀಪವೇ ಇಲ್ಲ, ಕೊರಿಯಾ ನೀರಿನ ನಡುವೆ ತೇಲುತ್ತಿದೆ. ತಗಡು ಒತ್ತಿದ ಕಡೆ ಕಾಗದ ತಗ್ಗಿ, ಚಿತ್ರದ ಸುತ್ತ ಸಣ್ಣದೊಂದು ಏಣು ಎದ್ದಿತ್ತು. ಕೈ ತೊಳೆದು, ಒರೆಸಿ, ಅದರ ಮೇಲೆ ಬೆರಳಾಡಿಸುವುದು ನನ್ನ ವಾರದ ಸುಖ. ಈಗ ಬೆರಳು ಪ್ಲಾಸ್ಟಿಕ್ಕಿನ ಮೇಲೆ ಜಾರಿತು.

“ಏನ್ಮಾಡಿದೀಯ ಗೊತ್ತಾ ನಿಂಗೆ?”

“ಹುಳ ತಿಂದ್ಬಿಡತ್ತೆ ಅಂತ ಭಾವ. ನನ್ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇವತ್ತಿಗೂ ಹೊಸದಿದ್ದಂಗಿದೆ. ಆದ್ರೂ ನಿಮ್ ಜಪಾನೇ ತಪ್ಪು ಅಲ್ವಾ? ಮೊಬೈಲಲ್ಲಿ ಸರಿಯಾದ್ದು ತೋರಿಸ್ಲಾ?”

“ಹೋಗ್ಲಿ ಬಿಡ್ರೀ, ಒಳ್ಳೇದಕ್ಕೇ ಮಾಡಿದಾನೆ,” ಎಂದಳು ಹೆಂಡತಿ.

ಮೈ ಉರಿಯಿತು. ಕೇಳದೆ ಒಳ್ಳೆಯದು ಮಾಡುವವರನ್ನು ಬೈಯುವಂತೆಯೂ ಇಲ್ಲ. ಬೈದರೆ ಮುದುಕ ಸಿಡುಕ ಎನ್ನುತ್ತಾರೆ.

“ನಿಮ್ ಇನ್ನೊಂದು ಮ್ಯಾಪು ಅಂಗಡೀಲೇ ಇದೆ ಭಾವ. ದೊಡ್ಡ ಶೀಟು ಇವತ್ ಬೆಳಗ್ಗೆ ಬರತ್ತಂತೆ, ಬಂದ ತಕ್ಷಣ ಹಾಕ್ತಾನೆ.”

ಅಂಗಡಿಯ ಫೋನ್ ನಂಬರ್ ಅವನ ಬಳಿ ಇರಲಿಲ್ಲ. ಚಪ್ಪಲಿ ಮೆಟ್ಟಿ ಆಟೋ ಹಿಡಿದೆ. ಅವನೂ ಹತ್ತಿದ.

ರಾಗಿಗುಡ್ಡದ ಹತ್ತಿರ ಬಾಯಿಬಿಟ್ಟ. “ಒಳ್ಳೇ ಕಳ್ಳನ್ನ ನೋಡ್ದಂಗೆ ನೋಡ್ತೀರಲ್ಲ!”

“ಕಳ್ಳ ಕದ್ದಿದ್ರೆ ಎಲ್ಲೋ ಒಂದ್ಕಡೆ ಚೆನ್ನಾಗಿರ್ತಿತ್ತು.”

ಆಟೋದವನು ನಕ್ಕುಬಿಟ್ಟ.

ಜಯನಗರ ನಾಲ್ಕನೇ ಬ್ಲಾಕಿನ ಆ ಜೆರಾಕ್ಸ್ ಅಂಗಡಿಯಲ್ಲಿ ಯಂತ್ರ ಆಗಲೇ ಬಿಸಿಯಾಗಿತ್ತು. ಚೀನಾ, ಜಪಾನ್ ಎರಡೂ ಇರುವ ನನ್ನ ದೊಡ್ಡ ನಕ್ಷೆ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಸಿದ್ಧವಾಗಿ ಮಲಗಿತ್ತು.

“ನಿಲ್ಸಿ! ಅದನ್ನ ಹಾಕ್ಬೇಡಿ!”

“ಎರಡೇ ನಿಮಿಷ ಸಾರ್, ಆಗೋಯ್ತು.”

“ಆಗೋದೇ ಬೇಡ ಅಂತಿರೋದು! ಕೊಡಿ ಇಲ್ಲಿ.”

ನಾನೇ ಕೌಂಟರಿನ ಒಳಗೆ ನುಗ್ಗಿ ಅದನ್ನು ಎತ್ತಿಕೊಂಡೆ. ಮೊದಲನೆಯದನ್ನು ಬಿಡಿಸಿಕೊಡಲು ಆಗುತ್ತದೆಯೇ ಎಂದೆ.

“ಅಂಟ್ಕೊಂಡ್ಮೇಲೆ ಮುಗೀತು ಸಾರ್. ಕಿತ್ರೆ ಪೇಪರೇ ಎದ್ಬರತ್ತೆ. ಇನ್ನು ನೀರು ಬಿದ್ರೂ ಏನೂ ಆಗಲ್ಲ, ಗ್ಯಾರಂಟಿ.”

ಬಾಮೈದ ಊಟಕ್ಕೆ ನಿಲ್ಲದೆ ಹೋದ. ಹೆಂಡತಿ ಮಾತು ಬಿಟ್ಟಳು. ಉಳಿದ ನಕ್ಷೆಯನ್ನು ಮಗುಚಿ ನೋಡಿದರೆ, ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ‘ಅರ್ಜೆಂಟ್’ ಎಂದು ಗೀಚಿತ್ತು. ಸಂಜೆ ಬಡಗಿಯನ್ನು ಕರೆಸಿ ಡ್ರಾಯರಿಗೆ ಬೀಗ ಹಾಕಿಸಿದೆ. ನೆಲಕ್ಕೆ ಬಿದ್ದ ಮರದ ಪುಡಿಯನ್ನು ನಾನೇ ಗುಡಿಸಿದೆ.