ಬೀಗದಣ್ಣ ಕಾವಲು ಹಾಕಿದ ಧ್ವನಿ

ಬೀಗದಣ್ಣನಿಗೆ ಬೇರೆ ಹೆಸರಿಲ್ಲ ಅಂತಲ್ಲ. ಇತ್ತು, ಅಂಗಡಿಯ ಬೋರ್ಡಿನ ಮೇಲೂ ಬರೆಸಿದ್ದ. ಆದರೆ ಬೀದಿಯವರೆಲ್ಲ ಹಾಗೇ ಕರೆದು ಕರೆದು, ಕೊನೆಗೆ ಅವನೇ ಫೋನ್ ಎತ್ತಿದರೆ "ಹಲೋ, ಬೀಗದಣ್ಣ" ಅನ್ನುವ ಮಟ್ಟಕ್ಕೆ ಬಂದಿದ್ದ. ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಷ್ಟು ಸಣ್ಣ ಅಂಗಡಿ. ಗೋಡೆ ತುಂಬ ಕೊಕ್ಕೆಗೆ ನೇತುಹಾಕಿದ ಕೀಗಳು, ಮುಂದುಗಡೆ ಕೀ ಕೊರೆಯುವ ಮೆಷಿನ್ನು, ಅದರ ಕೆಳಗೆ ಯಾವತ್ತೂ ಪೂರ್ತಿ ಗುಡಿಸದ ಹಿತ್ತಾಳೆ ಪುಡಿ. ಬಂದ ಗಿರಾಕಿಗಳಿಗೆಲ್ಲ ಒಂದೇ ಉಪದೇಶ: "ಡೂಪ್ಲಿಕೇಟ್ ಒಂದು ಮಾಡಿಸಿಟ್ಕೊಳ್ಳಿ. ಆಮೇಲೆ ಬಾಗಿಲ ಮುಂದೆ ನಿಂತು ಬಾಯಿ ಬಡ್ಕೊಂಡ್ರೆ ನನ್ನನ್ನ ಕೇಳ್ಬೇಡಿ." ಜನ ನಗುತ್ತಿದ್ದರು, ಮಾಡಿಸಿಕೊಂಡೂ ಹೋಗುತ್ತಿದ್ದರು.

ಕೈ ಚುರುಕು, ಬುದ್ಧಿ ಚುರುಕು. ಇನ್ನೊಬ್ಬರ ಮಾತು ಕೇಳುವುದರಲ್ಲಿ ಮಾತ್ರ ಸೊನ್ನೆ. ಹೆಂಡತಿ ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, "ಇರು, ಒಂದ್ ನಿಮಿಷ" ಅನ್ನುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ಆ ಒಂದು ನಿಮಿಷ ಎಷ್ಟೋ ಸಲ ಮಾರನೇ ದಿನದವರೆಗೂ ಎಳೆಯುತ್ತಿತ್ತು. ಹಾಗಂತ ಅವಳೂ ಬಿಡುವವಳಲ್ಲ. "ನಿಮ್ಮ ಕಿವಿಗೂ ಒಂದು ಕೀ ಮಾಡಿಸ್ಕೊಳ್ರೀ" ಅಂತ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಅವಳ ಗಂಟಲೋ, ಎರಡು ಮನೆ ಆಚೆಗೂ ಕೇಳುವಂಥದ್ದು.

ಆ ಗಂಟಲಿಗೇ ಗಡ್ಡೆ ಬಂತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ಧ್ವನಿ ಉಳಿಯುವುದಿಲ್ಲ ಅಂದರು ಡಾಕ್ಟರು. ಬೀಗದಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟ. ಹೆಂಡತಿಯೇ ಸಮಾಧಾನ ಮಾಡಬೇಕಾಯಿತು. "ಇನ್ಮೇಲೆ ಮನೆ ತಣ್ಣಗಿರುತ್ತೆ, ಖುಷಿ ಪಡಿ" ಅಂದಳು, ಅಂದವಳು ತಾನೂ ಅತ್ತಳು.

ಮಗಳು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಹೇಳಿಕೊಡುವ ಮೇಡಮ್ಮು. ಆಪರೇಷನ್ನಿಗೆ ಮುಂಚೆ ಅಮ್ಮನನ್ನು ನಡುಮನೆಯ ಕಂಪ್ಯೂಟರಿನ ಮುಂದೆ ಕೂರಿಸಿ, ಮೈಕ್ ಹಿಡಿದು, ದಿನಾ ಆಡುವ ಮಾತುಗಳನ್ನೆಲ್ಲ ಅವಳ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡಿದಳು. ಆಮೇಲೆ ತಾನೇ ಕೂತು ಒಂದು ಸಾಫ್ಟ್‌ವೇರ್ ಬರೆದು, ಆ ಧ್ವನಿಗಳನ್ನೆಲ್ಲ ಅದರೊಳಗೇ ಕಟ್ಟಿಟ್ಟು, ಅದಕ್ಕೆ 'ಅಮ್ಮ' ಅಂತ ಹೆಸರಿಟ್ಟಳು. ತೆರೆದರೆ ಸ್ಕ್ರೀನ್ ತುಂಬ ಚಿತ್ರಗಳು. ತಟ್ಟೆಯನ್ನು ಒತ್ತಿದರೆ "ರೀ, ಊಟಕ್ಕೆ ಬನ್ನಿ, ಆರಿ ಹೋಗ್ತಿದೆ." ನಲ್ಲಿಯನ್ನು ಒತ್ತಿದರೆ "ಅಯ್ಯೋ, ಮತ್ತೆ ನೀರು ಬಿಟ್ಟೇ ಹೋಗಿದೀರಲ್ರೀ!" ಮೂಲೆಯಲ್ಲಿ ಒಂದು ಕೀ ಚಿತ್ರ. ಅದು ಅಮ್ಮನೇ ಹಟ ಮಾಡಿ ಹಾಕಿಸಿದ್ದು. ಒತ್ತಿದರೆ "ರೀ, ನಾನು ಹೇಳೋದು ಸ್ವಲ್ಪ ಕೇಳಿ."

ಆಪರೇಷನ್ ಆಗಿ ಬಂದಮೇಲೆ ಕಂಪ್ಯೂಟರೇ ಅವಳ ಬಾಯಿ. ದಿನಕ್ಕೆ ಎಷ್ಟು ಸಲ ಆ ಕೀ ಚಿತ್ರ ಒತ್ತುತ್ತಿದ್ದಳೋ! ಬೀಗದಣ್ಣ ಮೊದಮೊದಲು ಓಡೋಡಿ ಬರುತ್ತಿದ್ದ. ಆಮೇಲಾಮೇಲೆ, ಹೇಳಬೇಕಾ, ಹಳೇ ಚಾಳಿ, "ಇರು, ಒಂದ್ ನಿಮಿಷ." ಆದರೂ ರಾತ್ರಿ ಊಟವಾದಮೇಲೆ ಸುಮ್ಮನೆ ತಟ್ಟೆ ಚಿತ್ರ ಒತ್ತಿ ಆ ಧ್ವನಿ ಕೇಳಿಸಿಕೊಂಡು ಕೂರುತ್ತಿದ್ದ. ಹೆಂಡತಿ ನೋಡಿಯೂ ನೋಡದ ಹಾಗೆ ಒಳಗೆ ಹೋಗುತ್ತಿದ್ದಳು.

ಮಗಳು ಒಂದು ಮಾತು ಹೇಳಿದ್ದಳು. "ಅಪ್ಪಾ, ಇದು ಮನೇಲಿ ಮಾಡಿದ ಸಾಫ್ಟ್‌ವೇರ್. ಆಂಟಿವೈರಸ್‌ಗೆ ಇದರ ಗುರುತು ಸಿಗಲ್ಲ, ಕಳ್ಳ ಅಂತ ಹಿಡಿಯುತ್ತೆ. ಇದು ನಮ್ಮನೇದೇ ಅಂತ ನಾನು ಅದಕ್ಕೆ ಹೇಳಿಟ್ಟಿದೀನಿ. ನೀವು ಕೈ ಹಾಕ್ಬೇಡಿ." ಬೀಗದಣ್ಣ ಯಾವುದೋ ಸೂಟ್‌ಕೇಸಿನ ಬೀಗ ಬಿಚ್ಚುತ್ತಿದ್ದ. "ಆಯ್ತಮ್ಮ" ಅಂದ. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಹೀಗಿರುವಾಗ ಪಕ್ಕದ ಫೋಟೋ ಸ್ಟುಡಿಯೋದವನು ಒಂದು ದಿನ ಮುಖ ಸಪ್ಪಗೆ ಮಾಡಿಕೊಂಡು ಬಂದ. "ಅಣ್ಣಾ, ಕಂಪ್ಯೂಟರಿಗೆ ವೈರಸ್ ಹೊಕ್ಕು ಎಲ್ಲಾ ಫೋಟೋಗಳಿಗೂ ಬೀಗ ಜಡಿದುಬಿಟ್ಟಿದೆ. ಕೀ ಬೇಕಂದ್ರೆ ದುಡ್ಡು ಕೊಡು ಅಂತ ಬರೀತಾರೆ. ನೀನು ಬಿಚ್ತೀಯಾ?" ತಮಾಷೆಗೇ ಕೇಳಿದ್ದು, ಕಣ್ಣಲ್ಲಿ ಮಾತ್ರ ನೀರಿತ್ತು. ತಾನು ಬಿಚ್ಚಲಾಗದ ಬೀಗವೂ ಒಂದಿದೆ ಅಂತ ಕೇಳಿ ಬೀಗದಣ್ಣ ಕೈಲಿದ್ದ ಕೀ ಕೆಳಗಿಟ್ಟ. ಅವನಿಗೆ ನೆನಪಾದದ್ದು ಫೋಟೋಗಳಲ್ಲ, ನಡುಮನೆಯ ಕಂಪ್ಯೂಟರಿನೊಳಗಿದ್ದ ಧ್ವನಿ.

ಮನೆಗೆ ಬಂದು ನೋಡುತ್ತಾನೆ, ಮಗಳು ಹಾಕಿಟ್ಟ ಆಂಟಿವೈರಸ್ ಸ್ಕ್ರೀನಿನ ಮೂಲೆಯಲ್ಲಿ ಗಪ್‌ಚಿಪ್ಪಾಗಿ ಕೂತಿದೆ. ಒಂದು ದಿನವಾದರೂ ಕೆಮ್ಮಿದ್ದಿಲ್ಲ, ಕೂಗಿದ್ದಿಲ್ಲ. "ಇದೇನು ಕಾವಲು ಕಾಯುತ್ತೋ, ಗೊರಕೆ ಹೊಡೆಯುತ್ತೋ!" ಅಂದುಕೊಂಡ. ಮಗಳನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಭದ್ರತೆಯ ವಿಷಯದಲ್ಲಿ ಬೀಗದಣ್ಣ ಇನ್ನೊಬ್ಬರನ್ನು ಕೇಳುವುದೇ? ಊರಿಗೆಲ್ಲ ಬೀಗ ಹಾಕಿಕೊಟ್ಟವನು!

ಯಾವುದು ಒಳ್ಳೆಯದು ಅಂತ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಹುಡುಕಿದ. ಒಂದು ಕಡೆ ಹಗುರವಾಗಿರಬೇಕು ಅಂತ ಬರೆದಿದ್ದರು, ಇನ್ನೊಂದು ಕಡೆ ತಪ್ಪು ಎಚ್ಚರಿಕೆ ಕಮ್ಮಿ ಕೊಡುವುದನ್ನೇ ಆರಿಸಿ ಅಂತ ಬರೆದಿದ್ದರು. ಅದನ್ನು ಓದಿ ನಕ್ಕ. ಕಾವಲುಗಾರ ಅಂದಮೇಲೆ ಎಲೆ ಅಲ್ಲಾಡಿದರೂ ಕೂಗಬೇಕು. ಬೀಗದ ಜೊತೆ ಕಿರುಚುವ ಅಲಾರಮ್ಮೂ ಮಾರಿ ಬದುಕಿದವನ ಲೆಕ್ಕ ಅದು. ಹಾಗಾಗಿ ಎಲ್ಲಕ್ಕಿಂತ ಜಾಸ್ತಿ ಕೂಗುವ, ಯಾರನ್ನೂ ನಂಬದ ಒಂದನ್ನು ಹುಡುಕಿ ಆರಿಸಿದ. ಮಗಳು ಶಾಲೆಗೆ ಹೋಗಿದ್ದಾಗ ಹಳೆಯದನ್ನು ಕಿತ್ತುಹಾಕಿ ಹೊಸದನ್ನು ಕೂರಿಸಿದ. ಅದು ಒಂದೊಂದೇ ಪ್ರಶ್ನೆ ಕೇಳಿತು. ಇವನು ಎಲ್ಲದಕ್ಕೂ ಅತಿ ಬಿಗಿಯಾದದ್ದನ್ನೇ ಒತ್ತಿದ. ಅನುಮಾನ ಬಂದರೆ ಏನು ಮಾಡಲಿ? ತೆಗೆದುಹಾಕು. ಹೇಗೆ ತೆಗೆಯಲಿ? ಮತ್ತೆ ಸಿಗದ ಹಾಗೆ, ಚೂರುಚೂರು ಮಾಡಿ. ಮುಂದಿನ ಸಲ ಕೇಳಲಾ? ಕೇಳಬೇಡ, ನೀನೇ ಮಾಡು.

ತಪಾಸಣೆ ಮುಗಿಯುವ ಹೊತ್ತಿಗೆ ಸ್ಕ್ರೀನ್ ತುಂಬ ಕೆಂಪು ಕೆಂಪು ಪಟ್ಟಿ. "ನೋಡು ನೋಡು, ಎಷ್ಟು ಕಳ್ಳರು ಹೊಕ್ಕಿದ್ರು ಮನೇಲಿ!" ಅಂತ ಹಿಗ್ಗಿದ. ಹೆಂಡತಿ ಹಿಂದೆಯೇ ಬಂದು ನಿಂತಿದ್ದಳು. ಪಟ್ಟಿಯ ಕೊನೆಯಲ್ಲಿ 'ಅಮ್ಮ' ಅಂತ ಇದ್ದದ್ದು ಅವಳ ಕಣ್ಣಿಗೆ ಬಿತ್ತು. ಇವನು ಅಲ್ಲಿಯವರೆಗೆ ಓದಿದ್ದರೆ ತಾನೇ!

ಅವಳು ಭುಜ ತಟ್ಟಿದಳು. "ಇರು" ಅಂದ. ಜೋರಾಗಿ ತಟ್ಟಿದಳು. "ಇರು, ಒಂದ್ ನಿಮಿಷ." ಅವಳು ಹೇಳಬೇಕಾದದ್ದನ್ನು ಹೇಳಲು ಇದ್ದದ್ದು ಒಂದೇ ದಾರಿ, ಆ ಕಂಪ್ಯೂಟರು. ಅದರ ಮುಂದೆ ಇವನೇ ಗಟ್ಟಿಯಾಗಿ ಕೂತಿದ್ದಾನೆ. ಮೌಸಿನ ಮೇಲಿದ್ದ ಅವನ ಕೈ ಹಿಡಿದುಕೊಂಡಳು. ಅವನು ಮೆಲ್ಲಗೆ, ಕೋಪವೇನೂ ಇಲ್ಲದೆ, ಅವಳ ಬೆರಳು ಬಿಡಿಸಿದ. "ನಿನ್ನ ಧ್ವನಿ ಕಾಪಾಡೋಕೇ ಕಣೇ ಇಷ್ಟೆಲ್ಲ ಮಾಡ್ತಿರೋದು" ಅಂದು ಎಲ್ಲವನ್ನೂ ಒಟ್ಟಿಗೆ ಆರಿಸಿ ತೆಗೆದುಹಾಕು ಅಂತ ಒತ್ತಿಬಿಟ್ಟ.

ಕೆಂಪು ಪಟ್ಟಿ ಹೋಗಿ ಹಸಿರು ಬಂತು. ಹೆಂಡತಿ ಅವನನ್ನು ಪಕ್ಕಕ್ಕೆ ತಳ್ಳಿ 'ಅಮ್ಮ'ನನ್ನು ಒತ್ತಿದಳು. ಏನೂ ತೆರೆಯಲಿಲ್ಲ. ಮತ್ತೆ ಮತ್ತೆ ಒತ್ತಿದಳು. ಆಗ ಬೀಗದಣ್ಣನಿಗೆ ಅರ್ಥವಾಯಿತು.

"ಗಾಬರಿ ಬೇಡ, ಗಾಬರಿ ಬೇಡ, ಡೂಪ್ಲಿಕೇಟ್ ಇದೆ" ಅಂತ ಚಪ್ಪಲಿಯನ್ನೂ ಮೆಟ್ಟದೆ ಅಂಗಡಿಗೆ ಓಡಿದ. ಮಗಳು ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟಿದ್ದ ಕಾಪಿಯನ್ನು ಅವನು ಕೀಗಳ ಡಬ್ಬಿಯಲ್ಲಿ ಜೋಪಾನ ಮಾಡಿದ್ದ. ತಂದ. ಹೆಂಡತಿ ಬಾಗಿಲಲ್ಲೇ ತಡೆದು, ಗೋಡೆಯ ಮೇಲಿನ ಮಗಳ ಫೋಟೋ ತೋರಿಸಿ, ಅವಳು ಬರಲಿ ಅಂತ ಕೈಸನ್ನೆ ಮಾಡಿದಳು. ಮಗಳು ಬರುವುದರೊಳಗೆ ಸರಿಮಾಡಿಬಿಡಬೇಕು ಅನ್ನುವ ಅವಸರ ಇವನಿಗೆ. "ಇರು, ಒಂದ್ ನಿಮಿಷ" ಅಂದು ಪೆನ್‌ಡ್ರೈವ್ ಚುಚ್ಚಿದ. ಕೇಳಬೇಡ, ನೀನೇ ಮಾಡು ಅಂತ ಹೇಳಿದ್ದನಲ್ಲ, ಹೊಸ ಆಂಟಿವೈರಸ್ ಕೇಳಲಿಲ್ಲ. ಒಂದು ಕೆಂಪು ಚೌಕ ಬಂದು ಹೋಯಿತು, ಅಷ್ಟೇ, ಪೆನ್‌ಡ್ರೈವಿನ 'ಅಮ್ಮ'ನೂ ಹೋದಳು.

ಮಗಳು ಬಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕಂಪ್ಯೂಟರನ್ನೂ ಪೆನ್‌ಡ್ರೈವನ್ನೂ ರಿಪೇರಿಯವನ ಹತ್ತಿರ ಹೊತ್ತುಕೊಂಡು ಹೋದರು. ಅವನು ಏನೇನೋ ಮಾಡಿ ನೋಡಿ ತಲೆಯಾಡಿಸಿದ. "ಸುಮ್ನೆ ಅಳಿಸಿದ್ರೆ ತೆಗೆದುಕೊಡ್ತಿದ್ದೆ. ಇದು ಪುಡಿ ಮಾಡಿಹಾಕಿದೆ. ನೀವು ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದೆ, ಸ್ವಾಮಿ." ಬಿಡಿ ರೆಕಾರ್ಡಿಂಗುಗಳನ್ನು ಸಾಫ್ಟ್‌ವೇರಿನೊಳಗೆ ಸೇರಿಸಿದಮೇಲೆ ಮಗಳೇ ಅಳಿಸಿಬಿಟ್ಟಿದ್ದಳು. ಬಂಧುಗಳ ಫೋನುಗಳಲ್ಲಿ ಹುಡುಕಿಸಿದರು. ಗದ್ದಲದ ವಿಡಿಯೋಗಳಲ್ಲಿ ಅಮ್ಮ ನಗುವುದು ಕಾಣಿಸಿತು, ಮಾತು ಕೇಳಿಸಲಿಲ್ಲ. ಬೀಗದಣ್ಣನ ಫೋನಿನಲ್ಲಂತೂ ಏನೂ ಇಲ್ಲ. ವಾಯ್ಸ್ ಮೆಸೇಜ್ ಕಳಿಸಬೇಡ, ಕೇಳೋಕೆ ಪುರುಸೊತ್ತಿಲ್ಲ, ಟೈಪ್ ಮಾಡು ಅಂತ ಎಂದೋ ಅವನೇ ಹೇಳಿಬಿಟ್ಟಿದ್ದ.

ಅಂಗಡಿ ತೆಗೆಯದೆ ಮನೆಯಲ್ಲೇ ಬಿದ್ದುಕೊಂಡ. "ನನ್ನ ಕೈ ಕಡಿದುಹಾಕ್ಬೇಕು" ಅಂತ ಗೋಳಾಡಿದ. ಹೆಂಡತಿ ಅವನ ಕಡೆ ನೋಡುತ್ತಿರಲಿಲ್ಲ. ಊಟಕ್ಕೆ ಚಮಚದಿಂದ ತಟ್ಟೆ ಬಡಿಯುತ್ತಿದ್ದಳು, ಬಡಿಸಿ ಒಳಗೆ ಹೋಗುತ್ತಿದ್ದಳು. ತಟ್ಟೆಯ ಸದ್ದಿಗೆ ಅವನು ಎದ್ದು ಬರುತ್ತಿದ್ದ, ಅನ್ನ ಕಲಸಿ ಹಾಗೇ ಬಿಟ್ಟು ಏಳುತ್ತಿದ್ದ.

ಮಗಳು ಮತ್ತೆ ಕೂತು ಆ ಸಾಫ್ಟ್‌ವೇರನ್ನು ಬರೆದಳು. ಅದೇ ತಟ್ಟೆ, ಅದೇ ನಲ್ಲಿ, ಅದೇ ಕೀ. ಧ್ವನಿ ಯಾರದು? "ನಂದು ಹಾಕ್ಲಾ ಅಮ್ಮಾ?" ಅಂದಳು. ಅಮ್ಮ ಬೇಡ ಅಂತ ಕೈಯಾಡಿಸಿದಳು. ಮೆಷಿನ್ನಿನ ಧ್ವನಿ? ಅದಕ್ಕೂ ಬೇಡ ಅಂತ ತಲೆಯಾಡಿಸಿ, ಎದ್ದು ಬಂದು, ಮೂಲೆಯಲ್ಲಿ ಕುಕ್ಕರಿಸಿದ್ದ ಗಂಡನ ಎದೆಗೆ ಬೆರಳು ಒತ್ತಿದಳು. ಅವನು "ನಾನಾ?" ಅಂದ. ಹೌದು ಅಂತ ತಲೆಯಾಡಿಸಿದಳು. ಆ ಕಣ್ಣಲ್ಲಿ ಸಿಟ್ಟಿತ್ತೋ ಕರುಣೆಯಿತ್ತೋ, ಅವನಿಗೆ ಇವತ್ತಿಗೂ ಗೊತ್ತಾಗಿಲ್ಲ.

ಮೈಕಿನ ಮುಂದೆ ಕೂತು ಅವನು ಅವಳ ಮಾತುಗಳನ್ನು ಒಂದೊಂದಾಗಿ ಹೇಳಿದ. ರೀ, ಊಟಕ್ಕೆ ಬನ್ನಿ. ಅಯ್ಯೋ, ಮತ್ತೆ ನೀರು ಬಿಟ್ಟೇ ಹೋಗಿದೀರಲ್ರೀ. ಮಗಳಿಗೆ ನಗು ಬಂತು, ನಕ್ಕು ಕಣ್ಣೊರೆಸಿಕೊಂಡಳು. ಕೀ ಚಿತ್ರಕ್ಕೆ ಬಂದಾಗ ಅವನು ಮೈಕ್ ಕೆಳಗಿಟ್ಟುಬಿಟ್ಟ. ಹೆಂಡತಿ ಅವನ ಕೈ ಹಿಡಿದುಕೊಂಡಳು. ಅವನು ಈ ಸಲ ಬೆರಳು ಬಿಡಿಸಲಿಲ್ಲ.

ಈಗಲೂ ಅವಳು ದಿನಕ್ಕೆ ಎಷ್ಟೋ ಸಲ ಆ ಕೀ ಒತ್ತುತ್ತಾಳೆ. "ರೀ, ನಾನು ಹೇಳೋದು ಸ್ವಲ್ಪ ಕೇಳಿ" ಅಂತ ನಡುಮನೆಯಿಂದ ಒಂದು ಗಂಡಸಿನ ಧ್ವನಿ ಬರುತ್ತದೆ. ಬೀಗದಣ್ಣ ಹಿಡಿದ ಕೆಲಸ ಅಲ್ಲೇ ಬಿಟ್ಟು, ಅವಳ ಧ್ವನಿ ಹೇಗಿತ್ತು ಅಂತ ನೆನಪು ಮಾಡಿಕೊಳ್ಳುತ್ತ, ಎದ್ದು ಹೋಗುತ್ತಾನೆ.